ಹಳೇ ಏರ್‌ಗನ್‌ಗೆ ಬೇರೆ ಮಾಡೆಲ್ಲಿನ ನಳಿಗೆ: ಅಳತೆ, ಬುಶ್, ಜೋಡಣೆ

ಶಿರಸಿ, ಸಿದ್ದಾಪುರ ಕಡೆಯ ತೋಟದ ಮನೆಗಳ ಅಟ್ಟದಲ್ಲಿ ಹಳೇ 0.177 (ನಳಿಗೆಯ ಒಳಅಳತೆ 0.177 ಇಂಚು, ಅಂದರೆ 4.5 ಮಿ.ಮೀ.) ಏರ್‌ಗನ್ ಒಂದಾದರೂ ಇರುತ್ತದೆ. ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವ ಜಾತಿಯದು. ಸ್ಪ್ರಿಂಗ್, ವಾಷರ್ ಎರಡೂ ಪೇಟೆಯಲ್ಲಿ ಸಿಗುತ್ತವೆ, ಆದರೆ ಆ ಮಾಡೆಲ್ಲಿನ ನಳಿಗೆ ಸಿಗುವುದಿಲ್ಲ. ಒಳಗೆ ತುಕ್ಕು ಹಿಡಿದು ಗುಂಡಿ ಬಿದ್ದ ಮೇಲೆ ಎಷ್ಟು ಉಜ್ಜಿದರೂ ಗುರಿ ನಿಲ್ಲದು. ಆಗ ಸಹಜವಾಗಿ ಬರುವ ಯೋಚನೆ, ಹಿಡಿಯುವ ಮರ ಮುರಿದು ಮೂಲೆ ಸೇರಿದ ಇನ್ನೊಂದು ಮಾಡೆಲ್ಲಿನ ನಳಿಗೆ ಕಳಚಿ ಇದಕ್ಕೆ ಹಾಕಿದರೆ ಹೇಗೆ ಎಂಬುದು. ಹಾಕಬಹುದು. ಆದರೆ ಹೊರಗಿನಿಂದ ಎರಡೂ ಒಂದೇ ಥರ ಕಂಡವು ಎನ್ನುವುದರ ಮೇಲೆ ಏನೂ ನಿಂತಿಲ್ಲ. ನಳಿಗೆ ಕೂರಬೇಕಾದದ್ದು ಸಿಲಿಂಡರಿನ ಮುಂದಿನ ಕವಲಿನಲ್ಲಿ. ಆ ಕವಲಿನ ಅಳತೆಗೆ ಹೊಂದಿದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ಮೊದಲಿಗೆ ಕಾನೂನಿನ ಮಾತು. ಇದೇ ಕೆಲಸವನ್ನು ಮದ್ದಿನ ಗುಂಡು ಹಾರಿಸುವ .22 ರಿಮ್‌ಫೈರ್ ಪಿಸ್ತೂಲಿಗೆ ಮಾಡಲು ಮನೆಯಲ್ಲಾಗಲಿ, ಊರಿನ ಲೇತ್ ಅಂಗಡಿಯಲ್ಲಾಗಲಿ ಅವಕಾಶವಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ‘ಶಸ್ತ್ರ’ ಎಂದರೆ ಅದರ ಬಿಡಿಭಾಗವೂ ಸೇರಿತು. ರಿಪೇರಿ, ಮಾರ್ಪಾಡು ಮಾಡುವವರಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಏರ್‌ಗನ್‌ಗೆ 2016ರ ನಿಯಮಗಳ ಪ್ರಕಾರ ಮಿತಿ ಇರುವುದು 4.5 ಮಿ.ಮೀ. ನಳಿಗೆ ಮತ್ತು 20 ಜೂಲ್ ಶಕ್ತಿ. ಅದರೊಳಗಿದ್ದರೆ ಲೈಸೆನ್ಸ್ ಬೇಡ. ಆದ್ದರಿಂದ ಈ ಕೆಲಸದಲ್ಲಿ 0.177 ತೆಗೆದು 0.177 ಹಾಕುವುದಷ್ಟೆ. 0.22 ನಳಿಗೆ ಎಷ್ಟು ಚೆನ್ನಾಗಿ ಹೊಂದಿದರೂ ಮುಟ್ಟಬಾರದು, ಗಟ್ಟಿ ಸ್ಪ್ರಿಂಗ್ ಹಾಕುವ ಆಸೆಯೂ ಬೇಡ. ತೋಟಕ್ಕೆ ಬರುವ ಮಂಗಕ್ಕೆ ಗುರಿ ಇಡುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ. ಇಲ್ಲಿ ಹೇಳುತ್ತಿರುವುದೆಲ್ಲ ಕಾಗದದ ಗುರಿಹಲಗೆಗೆ ಹೊಡೆಯುವ ಏರ್‌ಗನ್ ಬಗ್ಗೆ.

ನಳಿಗೆ ನಿಜವಾಗಿ ಹೋಗಿದೆಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಒಂದು ಪೆಲೆಟ್ಟನ್ನು (ಏರ್‌ಗನ್ನಿನ ಸೀಸದ ಗುಂಡು) ಹಿಂಬದಿಯಿಂದ ಒಳಗೆ ಕೂರಿಸಿ, ಹಿತ್ತಾಳೆ ಇಲ್ಲವೇ ಅಲ್ಯೂಮಿನಿಯಂ ಕಡ್ಡಿಯಿಂದ ನಿಧಾನವಾಗಿ ಮುಂದಕ್ಕೆ ತಳ್ಳಿ. ಒಳ್ಳೆ ನಳಿಗೆಯಲ್ಲಿ ಉದ್ದಕ್ಕೂ ಒಂದೇ ಬಿಗಿ ಇರುತ್ತದೆ. ಕೆಲವು ಮಾಡೆಲ್ಲುಗಳಲ್ಲಿ ಬಾಯಿಯ ಕೊನೆಯ ಒಂದಿಂಚು ಬೇಕೆಂದೇ ತುಸು ಬಿಗಿ ಮಾಡಿರುತ್ತಾರೆ. ಕೈಗೆ ಒಮ್ಮೆ ಸಡಿಲ, ಒಮ್ಮೆ ಗರಗರ ಎಂದು ಸಿಕ್ಕರೆ ಅದು ತುಕ್ಕಿನ ಗುಂಡಿ. ಹೊರಗೆ ಬಂದ ಪೆಲೆಟ್ಟಿನ ಮೈಯಲ್ಲಿ ತಿರುಪಿನ ಗೆರೆಗಳು ಚೂಪಾಗಿ ಮೂಡಿರಬೇಕು. ಗೆರೆಯೇ ಇಲ್ಲದಿದ್ದರೆ ಅದು ಮೊದಲಿನಿಂದಲೂ ಗೆರೆಯಿಲ್ಲದ ನಯ ನಳಿಗೆ ಇರಬಹುದು. ಅಗ್ಗದ ಏರ್‌ಗನ್‌ಗಳಲ್ಲಿ ಅಂಥವು ಬಹಳ. ತುಕ್ಕು ಬಾಯಿಯ ಹತ್ತಿರ ಮಾತ್ರ ಇದ್ದು, ಬಾಯಿ ಬಿಗಿ ಮಾಡಿದ ನಳಿಗೆ ಅಲ್ಲವಾದರೆ, ಅಷ್ಟು ತುಂಡು ಕತ್ತರಿಸಿ ಬಾಯಿ ಸರಿಮಾಡಿದರೆ ಕೆಲಸ ಮುಗಿಯಿತು. ಇಲ್ಲಿ ಕೈಗೆತ್ತಿಕೊಂಡ ಏರ್‌ಗನ್ನಿನಲ್ಲಿ ನಳಿಗೆಯ ನಡುವೆಯೇ ಗುಂಡಿ ಬಿದ್ದಿತ್ತು, ಹಾಗಾಗಿ ಬದಲಿಸದೆ ಬೇರೆ ದಾರಿ ಇರಲಿಲ್ಲ.

ಎರಡು ವಿಧಾನ ಇವೆ. ಒಂದು, ಹಿಂದಿನ ಬ್ರೀಚ್ ಬ್ಲಾಕನ್ನು (ನಳಿಗೆಯ ಹಿಂತುದಿ ಕೂತಿರುವ ಲೋಹದ ತುಂಡು) ಉಳಿಸಿಕೊಂಡು ನಳಿಗೆಯನ್ನಷ್ಟೇ ಅದರಿಂದ ಹೊಡೆದು ತೆಗೆದು ಬೇರೆಯದನ್ನು ಕೂರಿಸುವುದು. ಎರಡು, ಬ್ಲಾಕ್ ಸಮೇತ ಬದಲಿಸುವುದು. ಮೊದಲನೆಯದು ಕಾಗದದ ಮೇಲೆ ಸುಲಭ. ಆದರೆ ಬಹಳಷ್ಟು ನಳಿಗೆಗಳನ್ನು ಬ್ಲಾಕಿಗೆ ಪ್ರೆಸ್ ಮಾಡಿ ಅಡ್ಡಕ್ಕೆ ಪಿನ್ ಹೊಡೆದಿರುತ್ತಾರೆ. ಹೊಡೆದು ತೆಗೆಯುವಾಗ ಬ್ಲಾಕಿನ ರಂಧ್ರ ಗೀರಿಹೋದರೆ ಹೊಸ ನಳಿಗೆ ನೆಟ್ಟಗೆ ಕೂರದು. 0.1 ಮಿ.ಮೀ. ಓರೆಯಾದರೂ ಹತ್ತು ಮೀಟರಿನಲ್ಲಿ ಅದು ಕಾಣುತ್ತದೆ. ಎರಡನೆಯದರಲ್ಲಿ ಲೇತ್ ಕೆಲಸ ಜಾಸ್ತಿ, ಅಪಾಯ ಕಡಿಮೆ. ಇಲ್ಲಿ ಮಾಡಿದ್ದು ಎರಡನೆಯದು.

ಬಿಚ್ಚುವ ಮೊದಲೇ ಅಳತೆ. ವರ್ನಿಯರ್ ಕ್ಯಾಲಿಪರ್ ಬೇಕು, ಸ್ಕೇಲಿನಿಂದ ಆಗುವ ಕೆಲಸವಲ್ಲ. ನೋಡಬೇಕಾದದ್ದು ಇಷ್ಟು: ಕವಲಿನ ಒಳಅಗಲ ಮತ್ತು ಬ್ಲಾಕಿನ ಅಗಲ, ಪಿವಟ್ ಬೋಲ್ಟಿನ (ನಳಿಗೆ ಮಡಚುವಾಗ ತಿರುಗುವ ಬೋಲ್ಟ್) ದಪ್ಪ, ಪಿವಟ್ ನಡುವಿನಿಂದ ಬ್ಲಾಕಿನ ಹಿಂಮುಖದವರೆಗಿನ ದೂರ, ಪಿವಟ್‌ನಿಂದ ನಳಿಗೆಯ ರಂಧ್ರದ ಎತ್ತರ, ಸ್ಪ್ರಿಂಗ್ ಎಳೆಯುವ ಲಿಂಕ್ (ನಳಿಗೆಯನ್ನು ಪಿಸ್ಟನ್ನಿಗೆ ಸೇರಿಸುವ ಕಡ್ಡಿ) ಪಿನ್ನಿನ ದೂರ, ಲ್ಯಾಚಿನ (ಮುಚ್ಚಿದ ನಳಿಗೆಯನ್ನು ಹಿಡಿದಿಡುವ ಕೊಂಡಿ) ಎತ್ತರ. ರಂಧ್ರದ ನಡುವಿನಿಂದ ಅಳೆಯಲು ಒಂದು ಉಪಾಯ ಉಂಟು. ರಂಧ್ರಕ್ಕೆ ಬಿಗಿಯಾಗಿ ಕೂರುವ ಡ್ರಿಲ್ ಬಿಟ್ಟಿನ ನಯವಾದ ಬುಡವನ್ನು ತೂರಿಸಿ, ಹಿಂಮುಖದಿಂದ ಬಿಟ್ಟಿನ ಹತ್ತಿರದ ಮೈಗೆ ಅಳತೆ ತೆಗೆದು, ಬಿಟ್ಟಿನ ದಪ್ಪದ ಅರ್ಧ ಕೂಡಿಸಿ. ರಂಧ್ರದ ನಡುವನ್ನು ಕಣ್ಣಂದಾಜಿನಲ್ಲಿ ಹಿಡಿದರೆ ಅರ್ಧ ಮಿ.ಮೀ. ತಪ್ಪುವುದು ಖಂಡಿತ, ಆ ಅರ್ಧ ಮಿ.ಮೀ. ಇಲ್ಲಿ ಬಹಳ ದೊಡ್ಡದು.

ಈ ಜೋಡಿಯಲ್ಲಿ ಸಿಕ್ಕ ಅಳತೆ ಹೀಗಿತ್ತು. ಹಳೇ ಏರ್‌ಗನ್ನಿನ ಕವಲು 21.2, ಹೊಸ (ಇನ್ನೊಂದು ಮಾಡೆಲ್ಲಿನ) ಬ್ಲಾಕಿನ ಅಗಲ 20.0. ಹಳೇ ಪಿವಟ್ ಬೋಲ್ಟ್ 8, ಹೊಸ ಬ್ಲಾಕಿನ ರಂಧ್ರ 10. ಪಿವಟ್‌ನಿಂದ ಹಿಂಮುಖಕ್ಕೆ ಹಳೆಯದು 26.0, ಹೊಸತು 26.6. ನಳಿಗೆಯ ರಂಧ್ರ ಹೊಸತರಲ್ಲಿ 0.4 ಮೇಲೆ. ಲಿಂಕ್ ಪಿನ್ ಪಿವಟ್‌ನಿಂದ ಹಳೆಯದರಲ್ಲಿ 31, ಹೊಸತರಲ್ಲಿ 29. ಎಲ್ಲವೂ ಮಿಲಿಮೀಟರ್.

ಇದರಲ್ಲಿ ಹಿಂಮುಖದ ಅಳತೆಯೇ ಹೌದು-ಅಲ್ಲ ಹೇಳುವಂಥದ್ದು. ಹೊಸ ಬ್ಲಾಕ್ ಉದ್ದವಿದ್ದರೆ ಲೇತಿನಲ್ಲಿ ಕೆತ್ತಿ ಸರಿಮಾಡಬಹುದು. ಗಿಡ್ಡವಿದ್ದರೆ ಸಿಲಿಂಡರಿಗೂ ಬ್ಲಾಕಿಗೂ ನಡುವೆ ಸಂದಿ ಉಳಿಯುತ್ತದೆ. ಅದನ್ನು ದಪ್ಪ ವಾಷರಿನಿಂದ ಮುಚ್ಚಲು ಹೋದರೆ ಬೆನ್ನಿಗೆ ಆಸರೆ ಇಲ್ಲದ ರಬ್ಬರು ಗಾಳಿಯ ಒತ್ತಡಕ್ಕೆ ಹೊರಗೆ ಉಬ್ಬಿ ಹರಿಯುತ್ತದೆ. 0.3ಕ್ಕಿಂತ ಹೆಚ್ಚು ಗಿಡ್ಡವಾದ ಬ್ಲಾಕನ್ನು ತಿರುಗಿ ಮೂಲೆಗೇ ಇಡಿ. ಹಾಗೆಯೇ ಒಂದರಲ್ಲಿ ಉಳಿಯ ಆಕಾರದ ಲ್ಯಾಚ್, ಇನ್ನೊಂದರಲ್ಲಿ ಉಕ್ಕಿನ ಗುಂಡಿನ ಲ್ಯಾಚ್ ಇದ್ದರೂ ಈ ಕೆಲಸಕ್ಕೆ ಇಳಿಯುವುದರಲ್ಲಿ ಅರ್ಥವಿಲ್ಲ. ಅದಕ್ಕೆ ಸಿಲಿಂಡರನ್ನೇ ಕೊರೆಯಬೇಕಾಗುತ್ತದೆ.

ಬಿಚ್ಚುವುದು. ಪೆಲೆಟ್ ಇಲ್ಲ, ಸ್ಪ್ರಿಂಗ್ ಎಳೆದಿಲ್ಲ ಎಂದು ನೋಡಿಕೊಂಡು ಮರದ ಸ್ಕ್ರೂಗಳನ್ನು ತೆಗೆದು ಮರ ಬೇರೆ ಮಾಡಿ. ಸ್ಪ್ರಿಂಗ್ ಎಳೆದು ನಿಲ್ಲಿಸಿದ ಸ್ಥಿತಿಯಲ್ಲಿ ಪಿವಟ್ ಮುಟ್ಟಬಾರದು. ನಳಿಗೆ ಮಡಚಿರುವಾಗ ಕುದುರೆ (ಟ್ರಿಗರ್) ಬಿದ್ದರೆ ನಳಿಗೆ ಮೇಲಕ್ಕೆ ಬಡಿದು ಬೆರಳು ಮುರಿಯುತ್ತದೆ, ನಳಿಗೆಯೂ ಬಾಗುತ್ತದೆ. ಪಿವಟ್ ಬೋಲ್ಟಿನ ತಲೆಯ ಪಕ್ಕದ ಸಣ್ಣ ಲಾಕ್ ಸ್ಕ್ರೂ ಮೊದಲು ತೆಗೆಯಿರಿ. ಅದನ್ನು ಮರೆತು ದೊಡ್ಡ ಬೋಲ್ಟ್ ತಿರುಗಿಸಿದರೆ ತಲೆಯ ಕಚ್ಚು ಮುರಿಯುವುದು ಗ್ಯಾರಂಟಿ. ಆಮೇಲೆ ನಳಿಗೆಯನ್ನು ಎರಡು ಬೆರಳಿನಷ್ಟು ಮಡಚಿ ಲ್ಯಾಚಿನ ಒತ್ತಡ ಬಿಡಿಸಿ ಬೋಲ್ಟ್ ಹೊರತೆಗೆಯಿರಿ. ಮುಚ್ಚಿದ ಸ್ಥಿತಿಯಲ್ಲೇ ಎಳೆದರೆ ಲ್ಯಾಚಿನ ಸ್ಪ್ರಿಂಗ್ ಬೋಲ್ಟನ್ನು ಕಚ್ಚಿ ಹಿಡಿದು ಬೋಲ್ಟಿನ ತಿರುಪು ಹಾಳಾಗುತ್ತದೆ. ಎರಡೂ ಬದಿಯ ತೆಳು ವಾಷರ್ ಕೆಳಗೆ ಬೀಳುತ್ತವೆ, ಹಳೇ ಬಿಳಿ ಪಂಚೆ ಹಾಸಿಕೊಂಡು ಕೂತರೆ ಹುಡುಕುವ ಕೆಲಸ ಉಳಿಯುತ್ತದೆ.

ಒಳಗಿನ ಮುಖ್ಯ ಸ್ಪ್ರಿಂಗನ್ನೂ ಈಗಲೇ ತೆಗೆಯುವುದು ಒಳ್ಳೆಯದು. ಯಾಕೆ ಎಂಬುದು ಲಿಂಕಿನ ಹಂತದಲ್ಲಿ ಬರುತ್ತದೆ. ಕುದುರೆಯ ಬ್ಲಾಕಿನ ಪಿನ್ ಹೊಡೆಯುವ ಮೊದಲು ಬಡಗಿಯ ಉದ್ದ ಕ್ಲಾಂಪಿನಲ್ಲಿ ಸಿಲಿಂಡರನ್ನು ಎರಡೂ ತುದಿಗೆ ಹಿಡಿದು ತುಸು ಬಿಗಿಯಬೇಕು. ಪಿನ್ ಹೊರಬಂದ ಮೇಲೆ ಕ್ಲಾಂಪನ್ನು ಸುತ್ತು ಸುತ್ತಾಗಿ ಬಿಡಬೇಕು. ಬಿಡುಗಡೆಯಾದ ಸ್ಪ್ರಿಂಗ್ ಹೆಚ್ಚಿನ ಏರ್‌ಗನ್‌ಗಳಲ್ಲಿ ಐದರಿಂದ ಎಂಟು ಸೆಂ.ಮೀ. ಹೊರಗೆ ಬರುತ್ತದೆ. ಎದೆಗೆ ಒತ್ತಿಕೊಂಡು ಕೈಯಲ್ಲಿ ಹಿಡಿಯುತ್ತೇನೆ ಎನ್ನುವವರ ಹಲ್ಲು ಉಳಿಯುವುದಿಲ್ಲ.

10ರ ರಂಧ್ರವನ್ನು 8ರ ಬೋಲ್ಟಿಗೆ ಹೊಂದಿಸುವ ಕೊಳವೆ, ಅಂದರೆ ಪಿವಟ್ ಬುಶ್, ಗನ್‌ಮೆಟಲ್‌ನಲ್ಲಿ ಮಾಡಿಸಿದ್ದು. ಹಿತ್ತಾಳೆಯೂ ನಡೆಯುತ್ತದೆ, ಆದರೆ ಬೇಗ ಸವೆಯುತ್ತದೆ. ಹೊರಗಿನ ದಪ್ಪ 10.02, ಒಳರಂಧ್ರ ಸದ್ಯಕ್ಕೆ 7.8. ಬೆಂಚ್ ವೈಸಿನಲ್ಲಿ ಎರಡೂ ಕಡೆ ಅಲ್ಯೂಮಿನಿಯಂ ತುಂಡು ಇಟ್ಟು ಒತ್ತಿ ಕೂರಿಸಿ, ಆಮೇಲೆ 8 ಮಿ.ಮೀ. ರೀಮರ್ (ರಂಧ್ರವನ್ನು ನಿಖರ ಅಳತೆಗೆ ತರುವ ಉಪಕರಣ) ಹಾಯಿಸಬೇಕು. ಮೊದಲೇ 8ಕ್ಕೆ ಕೊರೆದು ತಂದರೆ ಪ್ರೆಸ್ ಮಾಡಿದಾಗ ರಂಧ್ರ ಕುಗ್ಗಿ ಬೋಲ್ಟ್ ಹೋಗುವುದಿಲ್ಲ. ಆಗ ಮರಳು ಕಾಗದದಿಂದ ತಿಕ್ಕಿ ದೊಡ್ಡದು ಮಾಡುತ್ತಾರೆ, ರಂಧ್ರ ಮೊಟ್ಟೆಯಾಕಾರವಾಗುತ್ತದೆ, ನಳಿಗೆ ಅಡ್ಡಕ್ಕೆ ಆಡುತ್ತದೆ. ಲೇತಿನವರಿಗೆ “ಟೈಟ್ ಫಿಟ್” ಎಂದಷ್ಟೇ ಹೇಳಿದರೆ ಸಾಲದು, ಅಂಕಿ ಬರೆದು ಕೊಡಿ, ರೀಮರ್ ಇದೆಯೇ ಎಂದು ಕೇಳಿ.

ರಂಧ್ರದ ಎತ್ತರದ 0.4 ವ್ಯತ್ಯಾಸವನ್ನು ಬುಶ್ಶಿನ ರಂಧ್ರವನ್ನೇ ನಡುವಿನಿಂದ ಸರಿಸಿ ಕೊರೆದು ಸರಿಮಾಡಬಹುದು ಎಂದು ಹಲವರು ಹೇಳುತ್ತಾರೆ. ಬೇಕಾಗಿಲ್ಲ. ಸಿಲಿಂಡರಿನ ಗಾಳಿರಂಧ್ರ ಇಲ್ಲಿ 3.2, ನಳಿಗೆ 4.5. ಎರಡೂ ನಡುವಿಗೆ ನಡು ಕೂತರೆ ಸುತ್ತ 0.65 ಜಾಗ ಇರುತ್ತದೆ. 0.4 ಸರಿದರೂ ಗಾಳಿರಂಧ್ರ ಪೂರ್ತಿ ನಳಿಗೆಯ ಬಾಯೊಳಗೇ ಇರುತ್ತದೆ. ಹಾಗೆ ಸರಿಸಿ ಕೊರೆದರೆ ಬುಶ್ಶಿನ ಒಂದು ಬದಿಯ ಗೋಡೆ 0.6ಕ್ಕೆ ಇಳಿದು ಕೆಲವೇ ತಿಂಗಳಲ್ಲಿ ಒಡೆಯುತ್ತದೆ.

ಅಗಲದ 1.2 ಸಂದಿಗೆ ಎರಡು ಬದಿಗೆ 0.55ರ ಸ್ಟೀಲ್ ವಾಷರ್. ಒಟ್ಟು 0.1 ಸಡಿಲು ಉಳಿಯುತ್ತದೆ, ಅದು ಗ್ರೀಸಿಗೆ. ಒಂದೇ ಬದಿಗೆ ದಪ್ಪ ವಾಷರ್ ಹಾಕಿದರೆ ನಳಿಗೆ ಪಕ್ಕಕ್ಕೆ ಸರಿದು ಗಾಳಿರಂಧ್ರಕ್ಕೆ ಹೊಂದದು. ಹಾಳೆ ಕತ್ತರಿಸಿ ಮಾಡುವುದಾದರೆ ಅಂಚಿನ ಮುಳ್ಳುಗಳನ್ನು ಎಣ್ಣೆಕಲ್ಲಿನ ಮೇಲೆ ತೆಗೆಯಿರಿ. ಲಿಂಕ್ ಸಿಕ್ಕಿಸದೆ ಬೋಲ್ಟ್ ಬಿಗಿದು ನಳಿಗೆಯನ್ನು ಅರ್ಧ ಮಡಚಿ ಬಿಡಿ. ಅದು ಅಲ್ಲಿಯೇ ನಿಂತು, ಬೆರಳಿನಿಂದ ತಟ್ಟಿದರೆ ನಿಧಾನ ಕೆಳಗೆ ಇಳಿಯಬೇಕು. ದೊಪ್ಪನೆ ಬಿದ್ದರೆ ಸಡಿಲ. ಬಾಯಿಯ ತುದಿ ಹಿಡಿದು ಎಡಬಲಕ್ಕೆ ಅಲ್ಲಾಡಿಸಿದರೆ ಟಕಟಕ ಎನ್ನಬಾರದು, ಗುಂಡು ಅಡ್ಡಡ್ಡ ಹರಡಿ ಬೀಳುವುದಕ್ಕೆ ಬಹುಪಾಲು ಈ ಆಟವೇ ಕಾರಣ.

ಹಿಂಮುಖದಿಂದ 0.6 ಕೆತ್ತಿಸುವಾಗ ಬ್ಲಾಕನ್ನು ನಾಲ್ಕು ದವಡೆಯ ಚಕ್ಕಿನಲ್ಲಿ, ನಳಿಗೆಯ ಒಳರಂಧ್ರವನ್ನೇ ನಡುವಾಗಿಟ್ಟು ಹಿಡಿಸಬೇಕು. ಹೊರಮೈಯನ್ನು ನಂಬಿ ಹಿಡಿದರೆ ಮುಖ ಓರೆ ಬರುತ್ತದೆ. ಕೆತ್ತಿದ ಮೇಲೆ ಪೆಲೆಟ್ ಕೂರುವ ಅಂಚಿನ ಇಳಿಜಾರೂ, ವಾಷರ್ ಕೂರುವ ಗಾಡಿಯ (ತೋಡಿನ) ಆಳವೂ ಅಷ್ಟರ ಮಟ್ಟಿಗೆ ಹೋಗಿರುತ್ತವೆ. ಎರಡನ್ನೂ ಮತ್ತೆ ಮಾಡಬೇಕು. ಇಳಿಜಾರು 0.3ರಿಂದ 0.5 ಸಾಕು. ಅದು ಇಲ್ಲದಿದ್ದರೆ ಚೂಪು ಅಂಚು ಪೆಲೆಟ್ಟಿನ ಲಂಗವನ್ನು (ಹಿಂಬದಿಯ ಅಗಲ ಅಂಚು) ಒಂದು ಕಡೆ ತರಿಯುತ್ತದೆ, ಬೆರಳಿಗೆ ಸೀಸದ ಸಣ್ಣ ಸಿಪ್ಪೆ ಹತ್ತುತ್ತದೆ. ಹಳೇ ಏರ್‌ಗನ್ನಿನಲ್ಲಿ ಚರ್ಮದ ವಾಷರ್ ಇತ್ತು, ಹೊಸ ಬ್ಲಾಕಿಗೆ 2 ಮಿ.ಮೀ. ದಪ್ಪದ ನೈಟ್ರೈಲ್ ಓ-ರಿಂಗ್. ಆಯಿಲ್ ಸೀಲ್, ಬೇರಿಂಗ್ ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಗಾಡಿಯ ಆಳ 1.65 ಇಟ್ಟರೆ ರಿಂಗು 0.35 ಮೇಲೆ ನಿಲ್ಲುತ್ತದೆ. ಅದು ಸರಿಯಾದ ಅಳತೆ.

ಇಲ್ಲೊಂದು ಸೂಕ್ಷ್ಮ. ವಾಷರ್ ಅತಿಯಾಗಿ ಉಬ್ಬಿದ್ದರೆ ನಳಿಗೆ ಪೂರ್ತಿ ಮುಚ್ಚುವುದಿಲ್ಲ, ಬಾಯಿ ಕೂದಲೆಳೆಯಷ್ಟು ಕೆಳಗೆ ನಿಲ್ಲುತ್ತದೆ. ಗುರಿ ನೋಡುವ ಹಿಂದಿನ, ಮುಂದಿನ ಎರಡೂ ಸೈಟ್ ನಳಿಗೆಯ ಮೇಲೇ ಇದ್ದರೆ ಇದು ಗುರಿಯಲ್ಲಿ ಕಾಣುವುದಿಲ್ಲ, ಏಕೆಂದರೆ ಸೈಟ್ ಕೂಡ ನಳಿಗೆಯ ಜೊತೆಯೇ ಬಾಗಿರುತ್ತದೆ. ಸಿಲಿಂಡರಿನ ಮೇಲೆ ದೂರದರ್ಶಕ ಹಾಕಿದ ದಿನ ಗುಂಡು ಕೈಯಗಲ ಕೆಳಗೆ ಬೀಳುತ್ತದೆ, ಬೈಗುಳ ದೂರದರ್ಶಕಕ್ಕೆ. ಪಿವಟ್‌ನಿಂದ ನಳಿಗೆಯ ಎತ್ತರ 11 ಮಿ.ಮೀ. ಇದ್ದಲ್ಲಿ ಬ್ರೀಚಿನಲ್ಲಿ 0.1 ಸಂದಿ ಉಳಿದರೆ ಹತ್ತು ಮೀಟರಿಗೆ ಒಂಬತ್ತು ಸೆಂ.ಮೀ. ವ್ಯತ್ಯಾಸ.

ಲ್ಯಾಚ್ ಹೊಸ ಬ್ಲಾಕಿನಲ್ಲಿ ತುಸು ಮೇಲೆ ಇದ್ದುದರಿಂದ ಕವಲಿನ ಅಡ್ಡ ಪಿನ್ನಿನ ಅಡಿಗೆ ಪೂರ್ತಿ ನುಗ್ಗುತ್ತಿರಲಿಲ್ಲ. ಲ್ಯಾಚಿನ ಮೇಲಿನ ಇಳಿಜಾರಿಗೆ ಮಾರ್ಕರ್ ಬಳಿದು, ಮುಚ್ಚಿ ತೆಗೆದು, ಮಸಿ ಅಳಿಸಿದ ಜಾಗವನ್ನಷ್ಟೇ ಎಣ್ಣೆಕಲ್ಲಿನಿಂದ ಉಜ್ಜಬೇಕು. ಅರ ಹಾಕಬೇಡಿ, ಗ್ರೈಂಡರಂತೂ ದೂರವೇ ಇರಲಿ. ಕೋನ ಬದಲಾದರೆ ಪ್ರತಿ ಹೊಡೆತಕ್ಕೂ ನಳಿಗೆ ಒಂದೊಂದು ಎತ್ತರದಲ್ಲಿ ನಿಲ್ಲುತ್ತದೆ, ಗುಂಡು ಮೇಲೆ ಕೆಳಗೆ ಹರಡುತ್ತದೆ. ಪಿನ್ನಿನ ಅಗಲದ ಉದ್ದಕ್ಕೂ ಹೊಳೆಯುವ ಗೆರೆಯೊಂದು ಲ್ಯಾಚಿನ ಮೇಲೆ ಮೂಡಿದರೆ ನಿಲ್ಲಿಸಿ.

ಲಿಂಕ್ ಈ ಇಡೀ ಕೆಲಸದ ತಲೆನೋವು. ಪಿನ್ ಪಿವಟ್‌ಗೆ 2 ಮಿ.ಮೀ. ಹತ್ತಿರ ಬಂದದ್ದರಿಂದ ನಳಿಗೆ 120 ಡಿಗ್ರಿ ಮಡಚಿದಾಗ ಪಿಸ್ಟನ್ನು ಮೊದಲಿಗಿಂತ ಸುಮಾರು ಮೂರೂವರೆ ಮಿ.ಮೀ. ಕಡಿಮೆ ಹಿಂದೆ ಹೋಗುತ್ತದೆ. ಅಷ್ಟು ಸಾಕು, ಕುದುರೆಯ ಕೊಕ್ಕೆ ಪಿಸ್ಟನ್ನನ್ನು ಹಿಡಿಯುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ ಅರೆಬರೆ ಹಿಡಿಯುವುದು. ಹಿಡಿದಂತೆ ಕಂಡು, ಪೆಲೆಟ್ ಹಾಕುವಾಗ ಜಾರುತ್ತದೆ. ಅದಕ್ಕೇ ಮುಖ್ಯ ಸ್ಪ್ರಿಂಗ್ ಹೊರಗಿಟ್ಟು ಬರೀ ಪಿಸ್ಟನ್ ಹಾಕಿ ಪರೀಕ್ಷೆ ಮಾಡಬೇಕು. ನಳಿಗೆ ಪೂರ್ತಿ ಮಡಚಿದಾಗ ಕೊಕ್ಕೆ ಟಕ್ ಎಂದು ಬಿದ್ದು, ಆಮೇಲೂ ನಳಿಗೆ ಒಂದೆರಡು ಮಿ.ಮೀ. ಮುಂದೆ ಹೋಗುವಷ್ಟು ಮಿಗಿಲು ಇರಬೇಕು.

ಇಲ್ಲಿ ಹಳೇ ಲಿಂಕಿಗೆ ನಳಿಗೆ ಮುಚ್ಚಿದಾಗ 5 ಮಿ.ಮೀ. ಸಡಿಲು ಇತ್ತು. ಹಾಗಾಗಿ ಲಿಂಕಿನ ತುದಿಗೆ ಗ್ಯಾಸ್ ವೆಲ್ಡಿಂಗಿನಲ್ಲಿ ಲೋಹ ಕಟ್ಟಿಸಿ, ಅರದಿಂದ ಹಳೇ ಆಕಾರಕ್ಕೇ ತಂದು ಒಟ್ಟು 4 ಮಿ.ಮೀ. ಉದ್ದ ಮಾಡಿದ್ದಾಯಿತು. 1 ಮಿ.ಮೀ. ಸಡಿಲು ಉಳಿಯಿತು. ಅದು ಉಳಿಯಲೇಬೇಕು. ಇಲ್ಲದಿದ್ದರೆ ಪಿಸ್ಟನ್ನು ಸಿಲಿಂಡರಿನ ಕೊನೆ ಮುಟ್ಟುವ ಮೊದಲೇ ಲಿಂಕಿಗೆ ಬಡಿಯುತ್ತದೆ, ಪ್ರತಿ ಹೊಡೆತದ ಪೆಟ್ಟು ಪಿವಟ್ ಬೋಲ್ಟಿಗೆ ಬೀಳುತ್ತದೆ. ನಿಮ್ಮ ಏರ್‌ಗನ್ನಿನಲ್ಲಿ ಅಷ್ಟು ಸಡಿಲು ಇಲ್ಲದಿದ್ದರೆ ಈ ನಳಿಗೆ ಅದಕ್ಕಲ್ಲ. ಬ್ಲಾಕಿನಲ್ಲಿ ಹೊಸ ಪಿನ್ ರಂಧ್ರ ಕೊರೆಯುವ ಸಲಹೆ ಕೇಳಿಬರುತ್ತದೆ, ಆದರೆ ಅಲ್ಲಿ ಲೋಹ ತೆಳು, ಬಿರಿಯುತ್ತದೆ.

ಬಾಯಿ ಕಡೆ ಕೆಲಸ ಚಿಕ್ಕದು. ಇಯರ್ ಬಡ್ಡನ್ನು ಒಳಗಿನಿಂದ ಹೊರಕ್ಕೆ ಅಂಚಿನ ಸುತ್ತ ಎಳೆದಾಗ ಹತ್ತಿಯ ಎಳೆ ಒಂದೇ ಜಾಗದಲ್ಲಿ ಸಿಕ್ಕಿಕೊಂಡರೆ ಅಲ್ಲಿ ಮುಳ್ಳಿದೆ. ನಳಿಗೆಯೊಳಗೆ ಒಂದು ಹತ್ತಿ ಉಂಡೆ ತುರುಕಿ, 8 ಮಿ.ಮೀ. ದುಂಡು ತಲೆಯ ಹಿತ್ತಾಳೆ ಸ್ಕ್ರೂಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಕೈ ಡ್ರಿಲ್ಲಿನಲ್ಲಿ ನಿಧಾನ ತಿರುಗಿಸುತ್ತ ಡ್ರಿಲ್ಲನ್ನು ಸುತ್ತಲೂ ಆಡಿಸಬೇಕು. ಅಂಚಿನ ಸುತ್ತ ಒಂದೇ ಅಗಲದ ಹೊಳಪಿನ ಉಂಗುರ ಬಂದರೆ ಆಯಿತು. ಪೇಸ್ಟನ್ನು ಸೀಮೆಎಣ್ಣೆಯಿಂದ ತೊಳೆದು, ಹತ್ತಿ ಉಂಡೆಯನ್ನು ಬಾಯಿಯ ಕಡೆಗೇ ತಳ್ಳಿ ತೆಗೆಯಿರಿ. ಹಿಂದಕ್ಕೆ ಎಳೆದರೆ ಪೇಸ್ಟ್ ಇಡೀ ನಳಿಗೆಗೆ ಬಳಿದಂತೆ.

ಜೋಡಿಸುವಾಗ ಪಿವಟ್‌ಗೆ ಮಾಲಿ (ಮಾಲಿಬ್ಡಿನಂ ಬೆರೆಸಿದ) ಗ್ರೀಸ್, ಲಿಂಕಿನ ತುದಿಗೂ ಅದೇ. ಸಿಲಿಂಡರಿನ ಒಳಗೆ ಸ್ಪ್ರಿಂಗಿಗೆ ತೆಳುವಾಗಿ ಬಳಿದರೆ ಸಾಕು, ಪಿಸ್ಟನ್ನಿನ ಮುಂದೆ ಎಣ್ಣೆ ಹೋಗಬಾರದು. ಅಲ್ಲಿ ಎಣ್ಣೆ ಸೇರಿದರೆ ಒತ್ತಿದ ಗಾಳಿಯ ಬಿಸಿಗೆ ಹೊತ್ತಿಕೊಂಡು ಢಮ್ ಎಂದು ಸದ್ದು, ಬಾಯಿಯಲ್ಲಿ ಹೊಗೆ. ಇದರಿಂದ ಓ-ರಿಂಗ್ ಸುಡುತ್ತದೆ, ಸ್ಪ್ರಿಂಗ್ ಮುರಿಯುತ್ತದೆ, ಶಕ್ತಿಯೂ ಲೆಕ್ಕ ತಪ್ಪುತ್ತದೆ. ಪಿಸ್ಟನ್ನಿಗೆ ಚರ್ಮದ ವಾಷರ್ ಇದ್ದರೆ ಅದನ್ನು ಮೊದಲೇ ಎಣ್ಣೆಯಲ್ಲಿ ನೆನೆಸಿ ಒರೆಸಿ ಹಾಕಬೇಕು. ತೆಂಗಿನೆಣ್ಣೆ ಬೇಡ, ಅದು 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಕಾರವಾರದಲ್ಲಿ ಹೇಗೋ ನಡೆದೀತು, ಶಿರಸಿಯ ಡಿಸೆಂಬರ್ ಬೆಳಿಗ್ಗೆ ಪಿಸ್ಟನ್ನೇ ಅಂಟಿ ನಿಲ್ಲುತ್ತದೆ.

ಗಾಳಿ ಸೋರುವುದನ್ನು ನೋಡಲು ಬ್ರೀಚಿನ ಸಂದಿಯ ಮೇಲೆ ಟಿಶ್ಯೂ ಕಾಗದದ ಪಟ್ಟಿ ಹಾಕಿ ಪೆಲೆಟ್ ಸಮೇತ ಹೊಡೆಯಿರಿ. ಪಟ್ಟಿ ಹಾರಿದರೆ ಸೋರಿಕೆ. ಪೆಲೆಟ್ ಇಲ್ಲದೆ ಎಂದೂ ಹೊಡೆಯಬೇಡಿ, ಗಾಳಿಯ ಮೆತ್ತೆ ಇಲ್ಲದೆ ಪಿಸ್ಟನ್ ನೇರ ಕಬ್ಬಿಣಕ್ಕೆ ಬಡಿಯುತ್ತದೆ. ಸೋರಿದರೆ ಓ-ರಿಂಗಿನ ಅಡಿಗೆ ಕಾಗದದಷ್ಟು ತೆಳು ಬಿಲ್ಲೆ (ಶಿಮ್) ಒಂದು ಸಾಕು. ಓ-ರಿಂಗಿಗೆ ಟಾಲ್ಕಂ ಪೌಡರ್ ಸವರಿ ನಳಿಗೆ ಮುಚ್ಚಿ ತೆರೆದು ಸಿಲಿಂಡರಿನ ಮುಖ ನೋಡಿ. ಪೌಡರಿನ ಉಂಗುರ ಪೂರ್ತಿ ಮೂಡಿರಬೇಕು. ಕೆಳಗಿನ ಅರ್ಧ ಮಸುಕಾಗಿದ್ದರೆ ಮುಖ ಓರೆ ಕೆತ್ತಿದ್ದಾರೆ, ಲೇತಿಗೆ ವಾಪಸ್.

ವೇಗ ಅಳೆಯುವ ಕ್ರೋನೋಗ್ರಾಫ್ ಸಿಕ್ಕರೆ ಬಳಸಿ. ಲೆಕ್ಕ ಸರಳ: ಪೆಲೆಟ್ಟಿನ ತೂಕದ (ಕಿಲೋಗ್ರಾಂ ಲೆಕ್ಕದಲ್ಲಿ) ಅರ್ಧವನ್ನು ವೇಗದ ವರ್ಗದಿಂದ ಗುಣಿಸುವುದು. ಅರ್ಧ ಗ್ರಾಂ ಪೆಲೆಟ್ ಸೆಕೆಂಡಿಗೆ 170 ಮೀಟರ್ ಹೋದರೆ 7.2 ಜೂಲ್. 20 ಜೂಲ್ ಮುಟ್ಟಲು ಅದೇ ಪೆಲೆಟ್ 283 ಮೀಟರ್ ವೇಗ ಪಡೆಯಬೇಕು. ಮನೆಯ ಹಳೇ ಸ್ಪ್ರಿಂಗಿಗೆ ಅದು ದೂರದ ಮಾತು. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ವೇಗ ಏರುಪೇರಾದರೆ ಎಣ್ಣೆ ಉರಿಯುತ್ತಿದೆ ಇಲ್ಲವೇ ಬ್ರೀಚ್ ಸೋರುತ್ತಿದೆ ಎಂದು ತಿಳಿಯಿರಿ.

ಗುರಿ ನೋಡುವಾಗ ಹಿಂದೆ ಮರಳು ತುಂಬಿದ ಎಣ್ಣೆ ಡಬ್ಬಿ ಇರಲಿ, ಕಣ್ಣಿಗೆ ಕನ್ನಡಕ. ಅಡಿಕೆ ಮರದ ಬೊಡ್ಡೆಗೆ ಕಾಗದ ಅಂಟಿಸಿ ಹೊಡೆಯುವವರಿದ್ದಾರೆ, ಆ ಗಟ್ಟಿ ಮೈಗೆ ತಾಗಿದ ಪೆಲೆಟ್ ವಾಪಸ್ ಬರುತ್ತದೆ. ಮೊದಲ ಇಪ್ಪತ್ತು ಮೂವತ್ತು ಗುಂಡನ್ನು ಲೆಕ್ಕಕ್ಕೆ ಇಡಬೇಡಿ, ನಳಿಗೆಗೆ ಸೀಸ ಹಿಡಿದು ಓ-ರಿಂಗ್ ಕೂರಲು ಅಷ್ಟು ಬೇಕು. ಆಮೇಲೆ ಪಿವಟ್ ಬೋಲ್ಟ್ ಮತ್ತೊಮ್ಮೆ ಬಿಗಿದು, ಲಾಕ್ ಸ್ಕ್ರೂ ಹಾಕಿ, ಸೈಟ್ ತಿರುಗಿಸಲು ಶುರುಮಾಡಿ.

ಕುಮಟಾ, ಅಂಕೋಲಾ, ಕಾರವಾರದ ಕರಾವಳಿಯಲ್ಲಿ ಈ ನಳಿಗೆಗೂ ಹಳೆಯದರ ಗತಿಯೇ ಬರಬಾರದೆಂದರೆ ರೆಗ್ಜಿನ್ ಚೀಲದೊಳಗೆ ಇಡಬೇಡಿ. ಉಪ್ಪುಗಾಳಿಯ ತೇವ ಅದರೊಳಗೆ ಕೂತು ಹೊರಗೆ ಹೋಗುವುದಿಲ್ಲ. ಮಳೆಗಾಲಕ್ಕೆ ಮೊದಲು ಎಣ್ಣೆ ಸವರಿದ ಬಟ್ಟೆತುಂಡನ್ನು ನಳಿಗೆಯೊಳಗೆ ಹಾಯಿಸಿ, ಬಾಯಿ ಕೆಳಗೆ ಮಾಡಿ ಗೋಡೆಗೆ ತಾಗದಂತೆ ನಿಲ್ಲಿಸಿ. ಬಾಯಿ ಮೇಲಾಗಿ ನಿಲ್ಲಿಸಿದರೆ ಎಣ್ಣೆ ಇಳಿದು ಗಾಳಿರಂಧ್ರಕ್ಕೆ ಹೋಗುತ್ತದೆ. ಮತ್ತೆ ಬಳಸುವ ದಿನ ಒಣ ಬಟ್ಟೆ ಹಾಯಿಸಿ ಎಣ್ಣೆ ಪೂರ್ತಿ ತೆಗೆದ ಮೇಲೆಯೇ ಪೆಲೆಟ್ ಹಾಕಿ.